ಗೊಬ್ಬರದೊಳಗಿನ ಹಸಿರು ಚೂರು

ಕೋಥರೂಡಿನ ಆ ಸೊಸಾಯಿಟಿಯಲ್ಲಿ ಮನೆಗಳು ಮೂವತ್ತೆರಡು, ಎಲ್ಲರ ಹಸಿ ಕಸ ಬೀಳುವ ಗೊಬ್ಬರದ ತೊಟ್ಟಿ ಒಂದೇ. ಅದರ ಕೀಲಿ ಹೊಳಬಸಪ್ಪನವರ ಉಡದಾರದಲ್ಲಿ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದರೂ ಒಂದು ಕಪಾಟಿನ ಕೀಲಿಯೂ ಅವರ ಕೈಗೆ ಬಂದಿರಲಿಲ್ಲ. ನಿವೃತ್ತಿಯಾದ ಮೇಲೆ ಸಿಕ್ಕ ಈ ಅಧಿಕಾರವನ್ನು ಸ್ನಾನಕ್ಕೂ ಬಿಚ್ಚಿಡುತ್ತಿರಲಿಲ್ಲ, ಪಾಪ.

ಗೊಬ್ಬರವೂ ಚೆನ್ನಾಗಿಯೇ ಇತ್ತೆನ್ನಿ. ಕೊರಗು ಒಂದೇ. ಒಂದು ಹಿಡಿ ತೆಗೆದು ತಂಬಿಗೆ ನೀರಲ್ಲಿ ಕದಡಿದರೆ ಎಳ್ಳಿಗಿಂತ ಸಣ್ಣ ಹಸಿರು ಪ್ಲಾಸ್ಟಿಕ್ ಚೂರುಗಳು ಮೇಲೆ ತೇಲುತ್ತಿದ್ದವು. ಹೊಳಬಸಪ್ಪನವರಿಗೆ ಮೈಯೆಲ್ಲ ಉರಿಯಿತು. ಮೀಟಿಂಗಿನಲ್ಲಿ ಎದ್ದು ನಿಂತು ಮರಾಠಿಯಲ್ಲಿ ಸಾರಿಯೇಬಿಟ್ಟರು: ಈ ಹಸಿರು ಯಾರದೋ ಅವರು ಒಂದು ತಿಂಗಳು ಎಲ್ಲರ ಮನೆಯ ಹಸಿ ಕಸದ ಬಕೆಟ್ ತೊಳೆಯಬೇಕು, ರವಿವಾರ ಗೊಬ್ಬರ ಹಂಚುವುದರೊಳಗೆ ಕಳ್ಳನನ್ನು ಹಿಡಿಯದಿದ್ದರೆ ತಾವು ಕೀಲಿ ಒಪ್ಪಿಸುವುದು. ಹಾಗೆಂದ ಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲ.

ಈ ಹಸಿರು ಕಾಣುವ ಮೊದಲೇ ಗೊಬ್ಬರ ಸೋಸಲು ಹೆಂಡತಿ ರುದ್ರವ್ವನ ಸಾಣಿಗೆ ಕೇಳಿದ್ದುಂಟು. "ರೊಟ್ಟಿ ಹಿಟ್ಟಿನ ಸಾಣಿಗಿ ಕಸಕ್ಕ ಮುಟ್ಟಿಸಿದ್ರ ಆ ಗೊಬ್ಬರದ್ದ ರೊಟ್ಟಿ ಬಡದು ಹಾಕ್ತೀನಿ ನೋಡ್ರಿ" ಎಂದಿದ್ದಳು. ಅದಕ್ಕೇ ಬಾಲ್ಕನಿಯಲ್ಲಿ ಬಿಸಿಲಿಗೆ ಅಡ್ಡ ಕಟ್ಟಿ ನಾಲ್ಕು ಬೇಸಿಗೆ ಒಣಗಿದ ನೆರಳಿನ ಬಲೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ತಾವೇ ಒಂದು ಸಾಣಿಗೆ ಮಾಡಿಕೊಂಡಿದ್ದರು. ಅದರಲ್ಲಿ ದಿನಕ್ಕೆರಡು ಸಲ ಸೋಸಿದರು, ನಾಲ್ಕು ಸಲ ಸೋಸಿದರು. ಸೋಸಿದಷ್ಟೂ ಹಸಿರು ಹೆಚ್ಚಿತು. ಯಾರೋ ಬೇಕಂತಲೇ ಹಾಕುತ್ತಿದ್ದಾರೆ ಎಂದು ಖಾತ್ರಿಯಾಯಿತು.

ಅನುಮಾನ ಬಿದ್ದದ್ದು ಮೊದಲ ಮಹಡಿಯ ಕುಶಲ ಶೆಟ್ಟರ ಮೇಲೆ. ಸ್ವಾರಗೇಟಿನ ಹತ್ತಿರ ಅವರದು ಹೋಟೆಲು. ಪಾರ್ಸೆಲ್ಲಿಗೆ ಬಾಳೆಲೆಯಂತೆ ಕಾಣುವ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆಂದು ಇವರ ಲೆಕ್ಕ. ಹೋಗಿ ಅವರ ಬಕೆಟಿಗೇ ಕೈ ಹಾಕಿದರು.

"ಅದು ನಿಜವಾದ ಬಾಳೆ ಎಲೆ ಮಾರಾಯ್ರೆ," ಎಂದರು ಶೆಟ್ಟರು. "ಬೇಕಾದ್ರೆ ತಿಂದು ನೋಡಿ."

ಹೊಳಬಸಪ್ಪನವರು ತುದಿ ಮುರಿದು ಅಗಿದೇ ನೋಡಿದರು. ಎಲೆಯೇ.

ರವಿವಾರ ಎಲ್ಲರೂ ಡಬ್ಬಿ ಹಿಡಿದು ನೆರೆದರು. ಕಳ್ಳ ಸಿಕ್ಕಿರಲಿಲ್ಲ. ಹೊಳಬಸಪ್ಪನವರು ಕಟ್ಟಕಡೆಯದಾಗಿ ಒಮ್ಮೆ ಸೋಸತೊಡಗಿದರು, ಗರ ಗರ ಗರ. ಅವರನ್ನು ಊಟಕ್ಕೆ ಕರೆಯಲು ಇಳಿದು ಬಂದ ರುದ್ರವ್ವ ಆ ಸಾಣಿಗೆಯನ್ನು ಮೊದಲ ಸಲ ನೋಡಿದಳು. ಬಲೆಯ ಅಂಚನ್ನು ಎರಡು ಬೆರಳಲ್ಲಿ ಹಿಸುಕಿದಳು. ಅದು ಹಪ್ಪಳದಂತೆ ಪುಡಿಯಾಗಿ, ಹಸಿರು ಚೂರುಗಳಾಗಿ ಗೊಬ್ಬರದೊಳಗೆ ಉದುರಿತು.

"ಇದು ನಮ್ಮ ಬಾಲ್ಕನೀದಲ್ಲೇನ್ರಿ?"

ಕಳ್ಳ ಸಿಕ್ಕಿದ್ದ, ಕರಾರಿನಂತೆ ಕೀಲಿ ಉಳಿಯಿತು. ಹೊಳಬಸಪ್ಪನವರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

"ಹೋಗ್ಲಿ ಬಿಡಿ ಮಾರಾಯ್ರೆ," ಎಂದರು ಶೆಟ್ಟರು.

"ಹಂಗೆಲ್ಲ ಬಿಡಾಕ ಬರಂಗಿಲ್ರಿ. ನಾ ಆಡಿದ ಮಾತು, ನಾನ ತೊಳಿತೀನಿ."

ಸೋಮವಾರ ಬೆಳಿಗ್ಗೆ ಅವರು ಮೊದಲು ತಟ್ಟಿದ್ದು ಶೆಟ್ಟರ ಬಾಗಿಲನ್ನೇ. ಬಕೆಟ್ ಇಸಿದುಕೊಂಡು ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕುಳಿತರು. ಜೇಬಿನಿಂದ ಪಾತ್ರೆ ಉಜ್ಜುವ ಹೊಸ ಹಸಿರು ಸ್ಕ್ರಬರ್ ತೆಗೆದು ಬಲವಾಗಿ ಉಜ್ಜಿದರು. ತೊಳೆದ ನೀರು ಸೀದಾ ಗೊಬ್ಬರದ ತೊಟ್ಟಿಗೆ ಹರಿಯಿತು. ಅದರ ಮೇಲೆ ಹಸಿರಾಗಿ ಏನೋ ತೇಲುತ್ತಿತ್ತು.

ಶೆಟ್ಟರು ಒಳಗೆ ಹೋಗಿ ಒಂದು ಹಿಡಿ ತೆಂಗಿನ ನಾರು ತಂದು ಅವರ ಕೈಗಿಟ್ಟರು.