ಕಾಶಪ್ಪನ ಸುಸ್ತು

ಬನಹಟ್ಟಿಯ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಎಂಟು ಪಾವರ್‌ಲೂಮ್ ಮಗ್ಗಗಳಿವೆ. ನಾಲ್ಕನ್ನು ಕಾಶಪ್ಪ ನಡೆಸುತ್ತಾನೆ, ನಾಲ್ಕನ್ನು ಅಮಸಿದ್ದಪ್ಪ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಶೆಡ್ಡಿನ ವಹಿವಾಟು ನನ್ನದೇ. ಕಳೆದ ಸೋಮವಾರ ಬೆಳಿಗ್ಗೆ ಕಾಶಪ್ಪ ಬಾಗಿಲಲ್ಲಿ ಬಂದು ನಿಂತ.

“ಅಕ್ಕಾರ, ಇನ್ನ ಮ್ಯಾಲೆ ನನಗ ಎರಡ ಮಗ್ಗ ಸಾಕ್ರಿ. ಉಳದ ಎರಡಕ್ಕ ಬ್ಯಾರೆದಾರನ್ನ ನೋಡ್ರಿ.”

ಎರಡು ಮಗ್ಗ ಬಿಟ್ಟರೆ ಅರ್ಧ ಮಜೂರಿ ಹೋದಂತೆ. ಅವನ ಮಗಳು ಪ್ರೀತಿ ಜಮಖಂಡಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

“ಯಾಕಪಾ, ಏನಾತು?”

“ಸುಸ್ತರಿ. ಮಧ್ಯಾಹ್ನ ಆತಂದ್ರ ಎಳಿ ಹರದದ್ದ ಕಣ್ಣಿಗೆ ಬೀಳವಲ್ದು. ಮೊನ್ನೆ ಎರಡ ಸೀರಿ ಕೆಟ್ಟುವು. ಶಕ್ತಿ ಪುಡಿ ಮೂರ ಡಬ್ಬಿ ಕುಡದೇನಿ, ಏನೂ ಆಗಿಲ್ರಿ.”

ಹಿಂದೆ ನಿಂತಿದ್ದ ಅಮಸಿದ್ದಪ್ಪ ನಕ್ಕ. “ಡಬ್ಬಿ ಮ್ಯಾಲಿನ ಪೈಲ್ವಾನನ ರಟ್ಟಿ ನೋಡ್ರಿ, ಇವನ ರಟ್ಟಿ ನೋಡ್ರಿ. ಪುಡಿ ಎಲ್ಲಾ ಆ ಚಿತ್ರದಾವಗ ಮುಟ್ಟೇತಿ.”

ಒಂದು ವಾರ ತಡೆಯಲು ಕಾಶಪ್ಪನಿಗೆ ಹೇಳಿದೆ. ಮರುದಿನ ಅವನನ್ನು ಆಸ್ಪತ್ರೆಗೆ ಕಳಿಸಿದೆ; ಡಾಕ್ಟರರು ರಕ್ತ ತೆಗೆಸಿ ನೋಡಿದರು. ಸಕ್ಕರೆ ಕಾಯಿಲೆ ಇಲ್ಲ, ರಕ್ತವೂ ಕಡಿಮೆಯಿಲ್ಲ. ಹಾಗಾದರೆ ಈ ಸುಸ್ತು ಎಲ್ಲಿಂದ ಬಂತು? ನನಗೆ ಕುತೂಹಲ ತಡೆಯಲಾಗಲಿಲ್ಲ. ಬುಧವಾರ ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ.

ಹನ್ನೊಂದಕ್ಕೆ ಕಾಶಪ್ಪ ನೀರಿನಲ್ಲಿ ಪುಡಿ ಕಲಸಿ ನಿಂತಲ್ಲೇ ಕುಡಿದ. ಎರಡಕ್ಕೆ ಇನ್ನೊಮ್ಮೆ. ಅಮಸಿದ್ದಪ್ಪ ಒಂದು ಕೈಯಲ್ಲಿ ರೊಟ್ಟಿ ಸುರುಳಿ ಹಿಡಿದು, ಇನ್ನೊಂದು ಕೈಯಿಂದ ಎಳೆ ಗಂಟು ಹಾಕಲು ಹೆಣಗುತ್ತಿದ್ದ. ಕಿಟಕಿಯಲ್ಲಿದ್ದ ಕಾಶಪ್ಪನ ಬುತ್ತಿಯ ಗಂಟು ಬಿಚ್ಚಲೇ ಇಲ್ಲ.

ಸಂಜೆ ಅವನ ಹೆಂಡತಿ ಅನಸವ್ವನನ್ನು ಕೇಳಿದೆ.

“ಬುತ್ತಿ ಹೋದಂಗ ತಿರಗಿ ಬರ್ತೈತ್ರಿ. ಬೈದ್ರ, ಪುಡಿ ಕುಡದೇನಿ ಅಂತಾರ.”

“ಮೊದಲೂ ಹಿಂಗ ಮಾಡ್ತಿದ್ನೇನ?”

“ಇಲ್ರಿ. ಮೊದಲ ಕರೆಂಟ್ ಹೋದ ಮ್ಯಾಲೆ ಉಣ್ತಿದ್ರಲ್ರಿ.”

ಇಷ್ಟು ವರ್ಷ ಇಲ್ಲೇ ಇದ್ದೂ ನನಗೆ ಹೊಳೆದಿರಲಿಲ್ಲ. ನಮ್ಮ ಓಣಿಯಲ್ಲಿ ಊಟಕ್ಕೆಂದು ಹೊತ್ತು ಗೊತ್ತು ಮಾಡಿದವರೇ ಇಲ್ಲ. ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು, ಎಲ್ಲರ ಮಗ್ಗಗಳೂ ಒಮ್ಮೆಲೇ ಸುಮ್ಮನಾಗುತ್ತಿದ್ದವು, ಗಂಡಸರು ಕಟ್ಟೆಗೆ ಬಂದು ಬುತ್ತಿ ಬಿಚ್ಚುತ್ತಿದ್ದರು. ಕರೆಂಟ್ ಹೋಯಿತೆಂದು ಬೈಯುತ್ತಲೇ ಉಣ್ಣುತ್ತಿದ್ದರು. ಹೊಸ ಲೈನ್ ಬಂದು ಒಂದೂವರೆ ವರ್ಷವಾಯಿತು. ಈಗ ಕರೆಂಟ್ ಹೋಗುವುದಿಲ್ಲ.

ಗುರುವಾರ ಒಂದು ಗಂಟೆಗೆ ಶೆಡ್ಡಿಗೆ ಹೋಗಿ ಕಾಶಪ್ಪನನ್ನು ಹೊರಗೆ ಕರೆದೆ. “ಮಗ್ಗ ಬಂದ್ ಮಾಡು. ಉಣ್ಣು.”

“ಓಡೂ ಮಗ್ಗ ಹೆಂಗ ನಿಲ್ಲಸ್ಲಿರಿ, ಅಕ್ಕಾರ? ಅಮಸಿದ್ದನೂವು ಓಡಾಕತ್ತಾವ. ನನ್ನೂವಷ್ಟ ನಿಂತ್ರ ಮನಸ್ಸ ತಡಿಯೂದಿಲ್ಲ.”

ನಮ್ಮ ಮಾತು ಅಮಸಿದ್ದಪ್ಪನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವನು ತನ್ನ ನಾಲ್ಕು ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿ, ಕೈ ತೊಳೆದು, ನೆಲದ ಮೇಲೆ ಚೀಲ ಹಾಸಿದ. ಅವನಿಗೂ ಮಜೂರಿ ಸೀರೆಯ ಲೆಕ್ಕದಲ್ಲೇ.

“ಬಾರಲೇ. ಝುಣಕಾ ಆರಾಕತ್ತೇತಿ.”

ಕಾಶಪ್ಪ ಒಳಗೆ ಹೋದ. ತನ್ನ ಮಗ್ಗಗಳನ್ನೂ ನಿಲ್ಲಿಸಿ, ಕಿಟಕಿಯಿಂದ ಬುತ್ತಿ ತೆಗೆದುಕೊಂಡ.

ಅಂದಿನಿಂದ ಇಬ್ಬರೂ ಒಂದಕ್ಕೆ ಉಣ್ಣುತ್ತಿದ್ದಾರೆ. ಇಂದು ಸೋಮವಾರ. ಎರಡು ಮಗ್ಗಕ್ಕೆ ಬೇರೆಯವರನ್ನು ನೋಡಲೇ ಎಂದು ಕಾಶಪ್ಪನನ್ನು ಕೇಳಿದೆ.

“ಸುಸ್ತ ಪೂರಾ ಹೋಗಿಲ್ರಿ,” ಎಂದ. “ಖರೆ, ನಾಕ ದಿನದಾಗ ಒಂದ ಸೀರಿನೂ ಕೆಟ್ಟಿಲ್ಲ. ಸದ್ಯೇಕ ನಾಕೂ ನನ್ನ ಕಡೇನ ಇರ್ಲಿ.”