ಸೋಣ ತಿಂಗಳಲ್ಲಿ ಬಂದ ಕಳೆಂಜ

ಮಣಿಪಾಲದ ಈಶ್ವರನಗರದಲ್ಲಿ ಜೋಯ್‌ಸ್ಟನ್‌ಗೆ ಒಂದು ಬಾಡಿಗೆ ಕೋಣೆ ಉಂಟು. ಭಾನುವಾರ ಊಟ ಮುಗಿಸಿ ಅಲ್ಲಿ ಅವನು, ಸ್ಯಾಂಡ್ರಾ, ವಿಜಯೀಂದ್ರ, ಮಾನ್ಯಾ ಹೀಗೆ ನಾಲ್ಕು ಜನ ಸೇರುತ್ತಿದ್ದರು. ಅವರ ಆಟವನ್ನು ಊರಿನವರಿಗೆ ತಿಳಿಯುವ ಹಾಗೆ ಹೇಳಬೇಕಾದರೆ, ಅದು ತಾಳಮದ್ದಳೆಯ ದೂರದ ನೆಂಟ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು. ಭಾಗವತರ ಜಾಗದಲ್ಲಿ ಕುಳಿತು ಕಥೆ ನಡೆಸುವವನು ಜೋಯ್‌ಸ್ಟನ್. ಬಿಟ್ಟ ಬಾಣ ತಾಗಿತೋ ಇಲ್ಲವೋ ಎಂಬುದನ್ನು ಮಾತ್ರ ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಮಾನ್ಯಾ ಅಲ್ಲಿಗೆ ಬರತೊಡಗಿ ಎಂಟು ತಿಂಗಳಾಗಿತ್ತು. ಮನೆ ಕಾಪುವಿನಲ್ಲಿ, ಕೆಲಸ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ. ಆಟದಲ್ಲಿ ಅವಳು ಮಿಂಚುಳ್ಳಿ ಎಂಬ ಬಿಲ್ಲುಗಾತಿ. ಯಾರ ಮಗಳು, ಯಾವ ಜನ ಎಂದು ಮಿಂಚುಳ್ಳಿಯನ್ನು ಯಾರೂ ಕೇಳುವುದಿಲ್ಲ. ಆ ಮೇಜಿನಲ್ಲಿ ಮಾನ್ಯಾಳನ್ನೂ ಯಾರೂ ಕೇಳಿರಲಿಲ್ಲ. ಶಾಲೆಯಲ್ಲಿ ಒಮ್ಮೆ, ಹಾಸ್ಟೆಲಿನಲ್ಲಿ ಒಮ್ಮೆ ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಪಕ್ಕದ ಕುರ್ಚಿ ಖಾಲಿಯಾದದ್ದು ಅವಳಿಗೆ ನೆನಪಿತ್ತು. ಕೇಳದ ಜಾಗವೊಂದನ್ನು ದೇವರು ಕೊಟ್ಟಿದ್ದಾನೆ, ಅದನ್ನು ಕಾಪಾಡಿಕೊಳ್ಳಬೇಕು ಎಂದುಕೊಂಡಿದ್ದಳು.

ಮನೆ ಮನೆಗೆ ಕಳೆಂಜ ಬರುವ ಮಳೆಗಾಲದ ಆಟಿ ತಿಂಗಳು ಕಳೆದು ಸೋಣ ಹಿಡಿದಿತ್ತು. ಆ ಭಾನುವಾರ ಆಡಬೇಕಾದದ್ದು ಜೋಯ್‌ಸ್ಟನ್ ತಾನೇ ಬರೆದ ಕಥೆ. ಮಂಗಳವಾರ ಅದು ಪುಸ್ತಕವಾಗಲು ಉಡುಪಿಯ ಪ್ರೆಸ್ಸಿಗೆ ಹೋಗಬೇಕು.

"ಡ್ರ್ಯಾಗನ್, ಕೋಟೆ ಎಲ್ಲ ಸಾಕು ಮಾರಾಯ್ರೆ. ಇದು ನಮ್ಮ ಮಣ್ಣಿನದ್ದು," ಎಂದು ಅವನು ಸ್ವರ ತಗ್ಗಿಸಿದ. "ಬಿಡದ ಮಳೆ. ಬಾಗಿಲು ಮುಚ್ಚಿದ ಊರು. ದೂರದಲ್ಲಿ ತೆಂಬರೆಯ ಚರ್ಮ ಬಡಿಯುವ ಸದ್ದು. ತೆಂಗಿನ ಎಳೆಗರಿಯ ಉಡುಗೆ, ಅಡಿಕೆ ಹಾಳೆಯ ಟೊಪ್ಪಿ, ಬಣ್ಣ ಬಳಿದ ಮುಖ, ಕೈಯಲ್ಲಿ ತಿರುಗುವ ಓಲೆಕೊಡೆ. ಕಳೆಂಜ ಬಂದಿದ್ದಾನೆ. ಮಾರಿ ತರುವವನು. ಅವನು ನಿಂತ ಅಂಗಳದ ಮನೆಗೆ ಜ್ವರ. ಚೀಲದಲ್ಲಿ ಕದ್ದ ಅಕ್ಕಿ. ಆಟದ ಲೆಕ್ಕದಲ್ಲಿ ಜೀವ ನಲವತ್ತು. ಇದ್ದಿಲು, ಉಪ್ಪು, ಮೆಣಸು ಎಸೆದರೆ ಜೀವ ಇಳಿಯುತ್ತದೆ."

"ಚೀಲದಲ್ಲಿ ಅಕ್ಕಿ ಮಾತ್ರವಾ? ಚಿನ್ನ ಇಲ್ವಾ?" ಎಂದಳು ಸ್ಯಾಂಡ್ರಾ. "ಅಕ್ಕಿಗೆಲ್ಲ ನಾನು ಕತ್ತಿ ತೆಗೆಯುವುದಿಲ್ಲ."

ವಿಜಯೀಂದ್ರ ತೆಗೆದ. ದಾಳ ಅವನ ಕಡೆಗಿತ್ತು. ಮೆಣಸೂ ತಾಗಿತು, ಕತ್ತಿಯೂ ತಾಗಿತು. ಕಳೆಂಜನಿಗೆ ಆರು ಜೀವ ಉಳಿಯಿತು.

"ಮಾನ್ಯಾ, ನಿನ್ನ ಸರದಿ. ಒಂದು ಬಾಣ ಸಾಕು, ಅಂಗಾತ ಬೀಳ್ತಾನೆ," ಎಂದ ಜೋಯ್‌ಸ್ಟನ್.

ಮಾನ್ಯಾ ದಾಳವನ್ನು ಅಂಗೈಯಲ್ಲಿ ಹಿಡಿದು ಕುಳಿತಳು. ಹೋದ ತಿಂಗಳು ಅಪ್ಪನ ಕಾಲ್ಬೆರಳುಗಳ ಸಂದಿ ಮಳೆನೀರಿಗೆ ಕೊಳೆತು ಬಿಳಿಚಿತ್ತು. ಪ್ರತಿ ಸಂಜೆ ಮುಲಾಮು ಹಚ್ಚಿದವಳು ಅವಳೇ. ಉಚ್ಚಿಲದಿಂದ ಎಲ್ಲೂರಿನವರೆಗೆ ಮನೆ ಮನೆ ಅಂಗಳದಲ್ಲಿ ಕುಣಿದ ಕಾಲುಗಳು ಅವು.

"ನಾನು ಹೊಡೆಯುವುದಿಲ್ಲ. ಅವನು ಮಾರಿ ತರುವವನಲ್ಲ, ಕೊಂಡುಹೋಗುವವನು."

"ಮತ್ತೆ ಇದ್ದಿಲು ಎಂತಕ್ಕೆ?" ಜೋಯ್‌ಸ್ಟನ್ ಕೇಳಿದ.

"ಎಸೆಯಲಿಕ್ಕೆ ಅಲ್ಲ, ಕೊಡಲಿಕ್ಕೆ. ಗೆರಸೆಯಲ್ಲಿ ಅಕ್ಕಿ, ಕಾಯಿ ಇಡ್ತಾರೆ. ಅದು ಅವನಿಗೆ. ಜೊತೆಗೆ ಇಡುವ ಇದ್ದಿಲು, ಉಪ್ಪು, ಮೆಣಸು ಆ ಮನೆಯ ಕಾಯಿಲೆ. ಅದನ್ನು ಹೊತ್ತು ಊರಿನ ಗಡಿ ದಾಟಿಸುವುದು ಅವನ ಕೆಲಸ."

ಜೋಯ್‌ಸ್ಟನ್ ತಲೆ ಕೆರೆದುಕೊಂಡ. "ಸಂತೆಕಟ್ಟೆಯಲ್ಲಿ ನಾವು ಚಿಕ್ಕವರಿರುವಾಗ ಅಜ್ಜಿ ಹೆದರಿಸುತ್ತಿದ್ದರು, ಊಟ ಮಾಡದಿದ್ದರೆ ಕಳೆಂಜನಿಗೆ ಕೊಡ್ತೇನೆ ಅಂತ. ಪಕ್ಕದ ಮನೆಯವರು ಇದ್ದಿಲು ತರುವುದನ್ನು ಕಿಟಕಿಯಿಂದ ನೋಡಿದ್ದೆ. ಓಡಿಸಲಿಕ್ಕೆ ಅಂತಲೇ ಎಣಿಸಿದ್ದು ನಾನು."

"ಅವಳದ್ದು ಎಲ್ಲಿಯೋ ಓದಿದ ಮಾತು," ಎಂದ ವಿಜಯೀಂದ್ರ. "ಎಲ್ಲೂರಿನ ನಮ್ಮ ಮನೆಗೆ ವರ್ಷ ವರ್ಷ ಬರ್ತಾನೆ. ಚಿಕ್ಕಂದಿನಿಂದ ನೋಡಿದವ ನಾನು. ಅಕ್ಕಿಗೆ ಬರುವುದು, ಅಷ್ಟೆ. ಈ ಸಲ ಸಹ ಬಂದಿದ್ದ, ಕೊಟ್ಟದ್ದು ಸಾಲದು ಅಂತ ಅಂಗಳದಲ್ಲೇ ನಿಂತಿದ್ದ. ಕಳೆಂಜನ ವಿಷಯ ನನಗೆ ಕಲಿಸಬೇಡ, ಆಯ್ತಾ?"

ಆಗ ದಾಳ ಉರುಳಿಸಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕಾಗದದ ಕಳೆಂಜ ಸಾಯುತ್ತಿದ್ದ, ಚಹಾ ಬರುತ್ತಿತ್ತು, ಅವಳ ಕುರ್ಚಿ ಅವಳಿಗೇ ಇರುತ್ತಿತ್ತು. ಮಾನ್ಯಾ ಅದನ್ನೆಲ್ಲ ಯೋಚಿಸಿಯೇ ದಾಳವನ್ನು ಮೇಜಿನ ಮೇಲೆ ಇಟ್ಟಳು.

"ನಿಮ್ಮ ಅಂಗಳದಲ್ಲಿ ನಿಂತದ್ದು ನನ್ನ ಅಪ್ಪ."

ಸ್ಯಾಂಡ್ರಾ ಚಿಪ್ಸ್ ಅಗಿಯುವುದನ್ನು ನಿಲ್ಲಿಸಿದಳು. ವಿಜಯೀಂದ್ರ ತನ್ನ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದ.

"ಇಷ್ಟು ದಿನ ಹೇಳಲೇ ಇಲ್ಲ ನೀನು."

"ಹೇಳಿದರೆ ಎಂತ ಆಗ್ತದೆ ಅಂತ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ."

ಅವನು ಮನೆಯಲ್ಲಿ ಕೆಲಸ ಉಂಟು ಎಂದು ಎದ್ದು ಹೋದ. ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಕೇಳಿಸಿತು.

"ಹಾಗಾದರೆ ನೀನೇ ಸರಿ ಮಾಡಿ ಬರೆ," ಎಂದ ಜೋಯ್‌ಸ್ಟನ್. "ಪುಸ್ತಕದಲ್ಲಿ ನಿನ್ನ ಹೆಸರೂ ಹಾಕುವ."

"ಅವನನ್ನು ಪುಸ್ತಕಕ್ಕೆ ಹಾಕಬಹುದು ಅನ್ನಲಿಕ್ಕೆ ನಾನು ಯಾರು? ಅಪ್ಪ ಕಳೆಂಜ ಕಟ್ಟುವುದು, ನಾನಲ್ಲ. ಅವರನ್ನು ಕೇಳಬೇಕು."

ಮರುದಿನ ಸಂಜೆ ಇಬ್ಬರೂ ಅವಳ ಸ್ಕೂಟರಿನಲ್ಲಿ ಕಾಪುವಿಗೆ ಹೋದರು. ಅವಳ ಅಪ್ಪ ಲೀಲಾಧರ ವರ್ಷದ ಹನ್ನೊಂದು ತಿಂಗಳು ಪೈಂಟಿಂಗ್ ಕೆಲಸ ಮಾಡುವವರು. ಆಗಷ್ಟೇ ಕೆಲಸದಿಂದ ಬಂದು ಮೊಣಕೈಯ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜುತ್ತಿದ್ದರು. ಕೈ ತೊಳೆದು, ಕನ್ನಡಕ ಹಾಕಿ, ಜೋಯ್‌ಸ್ಟನ್ ತಂದ, ಕಳೆಂಜನ ಚಿತ್ರವಿದ್ದ ಎಂಟು ಪುಟಗಳನ್ನೂ ನಿಧಾನವಾಗಿ ನೋಡಿದರು.

"ಕೊಡೆ ಲಾಯ್ಕ ಬಿಡಿಸಿದ್ದೀರಿ. ಇದೆಂತ, ನಲವತ್ತು?"

"ಜೀವ, ಅಂಕಲ್."

"ನಲವತ್ತೇಯಾ? ನನಗೇ ಐವತ್ತಾರು ಆಯ್ತಲ್ಲ."

ಜೋಯ್‌ಸ್ಟನ್ ನಗಬೇಕೋ ಬೇಡವೋ ತಿಳಿಯದೆ ಕುಳಿತ. ಆಮೇಲೆ ತನ್ನ ತಪ್ಪನ್ನು ತಾನೇ ಬಿಡಿಸಿ ಹೇಳಿದ. ಮಾರಿ ತರುವವನು ಎಂಬುದನ್ನು ತೆಗೆಯುತ್ತೇನೆ, ಕಾಯಿಲೆ ಹೊತ್ತೊಯ್ಯುವವನು ಎಂದು ಬರೆಯುತ್ತೇನೆ, ಯಾರೂ ಅವನನ್ನು ಕೊಲ್ಲದ ಹಾಗೆ ಮಾಡುತ್ತೇನೆ ಎಂದ.

"ಇದನ್ನು ಜನ ಯಾವಾಗ ಆಡುವುದು?"

"ಯಾವಾಗ ಬೇಕಾದರೂ ಆಡಬಹುದು."

"ಕಷ್ಟ ಅದೇ," ಎಂದರು ಲೀಲಾಧರ. "ನಮ್ಮ ಮನೆಯಲ್ಲಿ ಆಟಿ ಕಳೆದ ಮೇಲೆ ಅವನ ಪಾಡ್ದನದ ಹಾಡನ್ನು ಬಾಯಿಗೆ ತರುವುದಿಲ್ಲ. ಊರಿನ ಕಾಯಿಲೆ ಹೊತ್ತುಕೊಂಡು ಹೋದವನು. ಹೊತ್ತಲ್ಲದ ಹೊತ್ತಿನಲ್ಲಿ ಕರೆದರೆ ಹೊತ್ತದ್ದರ ಜೊತೆಗೇ ಬರ್ತಾನೆ. ನೀವು ನಂಬಬೇಕು ಅಂತ ಇಲ್ಲ. ಕೇಳಲಿಕ್ಕೆ ಬಂದಿರಿ, ಹಾಗೆ ಹೇಳಿದೆ."

"ಹೆಸರು ಬದಲಿಸಿದರೆ?"

"ಆಗ ಈ ಕೊಡೆ ಯಾರದ್ದು?"

ಜೋಯ್‌ಸ್ಟನ್ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ ಎಂಟು ಪುಟಗಳನ್ನೂ ಮಡಿಸಿ ಅವರ ಕೈಗೇ ಕೊಟ್ಟ. ಮಾನ್ಯಾಳ ಅಮ್ಮ ಚಹಾ ತಂದರು. ಮಂಗಳವಾರ ಪುಸ್ತಕ ಪ್ರೆಸ್ಸಿಗೆ ಹೋಗಲಿಲ್ಲ.

ಮುಂದಿನ ಭಾನುವಾರ ಮಾನ್ಯಾ ಕೋಣೆಯ ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಳು. ಮೇಲೆ ತನ್ನ ಕುರ್ಚಿ ಹೇಗಿರುತ್ತದೋ ಗೊತ್ತಿರಲಿಲ್ಲ. ದೇವರೇ ಎಂದು ಹತ್ತಿ ಹೋದಳು. ವಿಜಯೀಂದ್ರ ಅವಳಿಗಿಂತ ಮೊದಲೇ ಬಂದು ಕುಳಿತಿದ್ದ.

"ಅಜ್ಜಿಯ ಹತ್ತಿರ ಕೇಳಿದೆ," ಎಂದ, ಮೇಜನ್ನೇ ನೋಡುತ್ತ. "ನೀನು ಹೇಳಿದ ಹಾಗೆಯೇ ಹೇಳಿದರು. ಅಂಗಳದಲ್ಲಿ ನಿಂತದ್ದು ಅಕ್ಕಿಗಲ್ಲವಂತೆ. ಇದ್ದಿಲು ತರಲಿಕ್ಕೆ ನಾನು ಮರೆತಿದ್ದೆ, ಅದಕ್ಕೆ ಅಂತೆ."

"ಮತ್ತೆ? ಬೈಯಲಿಲ್ವಾ?"

"ಬೈದರು. ಲೀಲಾಧರನ ಹೆಸರೂ ಗೊತ್ತಿಲ್ವಾ ನಿನಗೆ, ಇಷ್ಟು ವರ್ಷ ನೋಡಿದ್ದು ಎಂತ ಅಂತ."

ಮಾನ್ಯಾ ಅವನ ಎದುರಿನ ಕುರ್ಚಿ ಎಳೆದು ಕುಳಿತಳು. ಜೋಯ್‌ಸ್ಟನ್ ಬೇರೆ ಕಥೆ ತೆಗೆದ. ಒಂದು ದ್ವೀಪ, ಮುಳುಗಿದ ದೋಣಿ. ಕತ್ತಲಿನ ಆಚೆಯಿಂದ ಚರ್ಮವಾದ್ಯದ ಸದ್ದು ಬರುತ್ತದೆ ಎಂದ. ಮೂವರೂ ಮಾನ್ಯಾಳ ಕಡೆ ತಿರುಗಿದರು.

"ನನ್ನ ಮುಖ ಎಂತಕ್ಕೆ ನೋಡುವುದು?" ಎಂದಳು ಅವಳು. "ಲೋಕದಲ್ಲಿ ಬಡಿಯುವವರೆಲ್ಲ ನಮ್ಮ ಮನೆಯವರಾ? ಸ್ಯಾಂಡ್ರಾನ ಮಾಮನ ಬ್ಯಾಂಡ್ ಇರಬಹುದು."

"ಮಾಮ ಬಡಿದರೆ ಇದಕ್ಕಿಂತ ಜೋರು ಕೇಳ್ತದೆ," ಎಂದಳು ಸ್ಯಾಂಡ್ರಾ.

ಎಲ್ಲರೂ ನಕ್ಕರು. ವಿಜಯೀಂದ್ರ ಸ್ವಲ್ಪ ತಡವಾಗಿ ನಕ್ಕ. ಮಿಂಚುಳ್ಳಿ ಬಿಲ್ಲನ್ನು ಹೆಗಲಿಗೇರಿಸಿ, ನೋಡಿಕೊಂಡು ಬರುತ್ತೇನೆ ಎಂದು ಸದ್ದು ಬಂದ ಕಡೆ ಹೊರಟಳು.