ಒಂದೇ ಮಗ್ಗುಲು ಅದ್ದಿದ ಬಿಸ್ಕತ್ತು

ಮೊದಲ ಮೂರು ಸಲ ಇಳಿಸಿದ ಕಾಫಿಯನ್ನೂ ಸಿಲ್ವಾನೊ ಸಿಂಕಿಗೇ ಸುರಿದ. ನಾಲ್ಕನೆಯ ಸಲಕ್ಕೆ ಪುಡಿ ತುಂಬುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ಕೆಳಮನೆಯ ಬ್ರೂನಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು.

"ಮೋಕಾನ ಸೋಪು ಹಾಕಿ ತೊಳೆದ್ಯಾ? ಸೋಪು ಹಾಕಿ? ಅಯ್ಯೋ ದೇವ್ರೇ, ಇರ್ಮಾಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾಳೆ ಕಣೋ!"

"ಗೊತ್ತಾಗೋ ಹಾಗಿದ್ರೆ ಸುಲೀಲಿ ಬಿಡು," ಎಂದ ಸಿಲ್ವಾನೊ.

ಬ್ರೂನಾಳ ನಗು ಅಲ್ಲಿಗೇ ನಿಂತಿತು.

ಕಾಫಿ ಕಾಸುವ ಮೋಕಾ ಪಾತ್ರೆಯನ್ನು ಬರೀ ನೀರಿನಲ್ಲಿ ಜಾಲಿಸಬೇಕು, ಅಷ್ಟೇ. ಒಳಗೆ ವರ್ಷಾನುಗಟ್ಟಲೆ ಹಿಡಿದ ಕರಿಯೇ ಕಾಫಿಗೆ ರುಚಿ. ಅದು ಹೋದರೆ ಮೊದಲ ಕೆಲವು ಸಲದ ಕಾಫಿಯನ್ನು ಚೆಲ್ಲಲೇಬೇಕು. ಇದು ತ್ರೆವೀಸೊ ಊರಿನಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು, ಸಿಲ್ವಾನೊಗೂ ಗೊತ್ತು. ಆದರೆ ವಸಂತದಲ್ಲಿ ಹೆಂಡತಿ ಇರ್ಮಾಳನ್ನು ಆರೈಕೆ ಮನೆಗೆ ಸೇರಿಸಿ ಬಂದ ದಿನ ಅವನಿಗೆ ಕೈಗೇನು ಕೆಲಸ ಕೊಡಬೇಕೆಂದು ತೋಚಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಉಜ್ಜಿದ. ನೆಲ, ಕಿಟಕಿ, ಒಲೆ, ಮೋಕಾ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಆ ಪಾತ್ರೆಯನ್ನು ಒಲೆಗಿಟ್ಟವನೂ ಅಲ್ಲ. ಬೆಳಗಿನ ಕಾಫಿಯನ್ನು ಬೀದಿ ಮೂಲೆಯ ಕಾಫಿ ಅಂಗಡಿಯಲ್ಲಿ ನಿಂತೇ ಕುಡಿಯುತ್ತಿದ್ದ. ಅಲ್ಲಿ ಕನಿಷ್ಠ ಯಾರಾದರೂ "ಎಂಥ ಮಂಜು ಬಿದ್ದಿದೆ ನೋಡಿದ್ರಾ?" ಎಂದು ಕೇಳುತ್ತಿದ್ದರು.

"ಕೊಡಿಲ್ಲಿ, ನಾನೇ ಮಾಡಿಕೊಡ್ತೀನಿ," ಎಂದು ಬ್ರೂನಾ ತೋಳು ಮಡಿಸಿದಳು. "ತಿರಾಮಿಸು ಸಿಹಿ ಮಾಡೋದು ಅಂದ್ರೆ ಗಂಡಸರ ಆಟ ಅಲ್ಲ."

"ಬೇಡ. ನನ್ನ ಕೈಯಿಂದಲೇ ಆಗ್ಬೇಕು."

"ಹಟಮಾರಿ! ನಿನ್ನ ಹಣೆಬರಹ," ಎಂದು ಗೊಣಗುತ್ತ ಅವಳು ಮೆಟ್ಟಿಲಿಳಿದಳು. ಅವಳ ಚಪ್ಪಲಿ ಸದ್ದು ನಿಂತ ಮೇಲೆ ಮನೆ ಮತ್ತೆ ಬಿಕೋ ಎಂದಿತು.

ಹಟವಲ್ಲ, ಆಸೆ. ಆರೈಕೆ ಮನೆಯ ದಾದಿ ವಿಯೋರಿಕಾ ಹೋದ ವಾರ ಒಂದು ಮಾತು ಹೇಳಿದ್ದಳು. ಅಲ್ಲೊಬ್ಬ ಅಜ್ಜಿಗೆ ಮಗಳು ಮನೆಯಿಂದ ಬೀನ್ಸ್ ಕಾಳಿನ ಸೂಪು ತಂದು ಕುಡಿಸಿದಾಗ, ತಿಂಗಳುಗಳ ಮೇಲೆ ಮಗಳ ಗುರುತು ಸಿಕ್ಕಿತಂತೆ. "ಗ್ಯಾರಂಟಿ ಅಂತ ಅಲ್ಲ ಸಾರ್, ಕೆಲವ್ರಿಗೆ ನಾಲಿಗೆ ನೆನಪಿಟ್ಕೊಂಡಿರುತ್ತೆ." ಇರ್ಮಾ ಬೇಸಿಗೆಯಿಂದ ಗಂಡನನ್ನು ಗುರುತಿಸಿರಲಿಲ್ಲ. ಒಂದು ದಿನ ಅವನು ನಲ್ಲಿ ರಿಪೇರಿಯವನು, ಇನ್ನೊಂದು ದಿನ ಡಾಕ್ಟರು. "ಬನ್ನಿ, ಕೂತ್ಕೊಳಿ" ಎಂದು ಮರ್ಯಾದೆಯಿಂದ ಮಾತನಾಡಿಸುವಳು. ಆ ಮರ್ಯಾದೆಯೇ ಅವನನ್ನು ಕೊಲ್ಲುತ್ತಿತ್ತು. ಒಂದೇ ಒಂದು ಸಲ ಅವಳ ಬಾಯಿಂದ ತನ್ನ ಹೆಸರು ಕೇಳಬೇಕು, ಆಮೇಲೆ ಏನಾದರೂ ಆಗಲಿ ಎಂದು ಅವನು ಕಾದಿದ್ದ.

ಕಾಫಿಗೆ ಅದ್ದಿದ ಬಿಸ್ಕತ್ತು, ಕೆನೆ ಪದರಪದರವಾಗಿ ಕೂರಿಸಿದ ಇರ್ಮಾಳ ತಿರಾಮಿಸು ಎಂದರೆ ಬೀದಿಗೇ ಗೊತ್ತು, ಮಾಡುವ ಬಗೆ ಮಾತ್ರ ಯಾರಿಗೂ ಗೊತ್ತಿಲ್ಲ. ಇಲ್ಲಿಯ ಹೆಂಗಸರು ಪಾಪವನ್ನಾದರೂ ಪಾದ್ರಿಯ ಕಿವಿಯಲ್ಲಿ ಹೇಳಿಯಾರು, ಕೈಗುಟ್ಟನ್ನು ಹೇಳಲಾರರು. ಮಗಳ ಮದುವೆಯಲ್ಲಿ ಮಗಳಿಗೆ ಮಾತ್ರ ಕೊಡುವ ಸೊತ್ತು ಅದು. ಇರ್ಮಾಗೆ ಮಕ್ಕಳಿರಲಿಲ್ಲ. ಸ್ವಂತ ತಂಗಿ ಕೇಳಿದರೂ, "ಅಂಗಡೀಲಿ ಸಿಗುತ್ತಲ್ಲ ತಗೋ" ಎಂದು ಬಾಯಿ ಮುಚ್ಚಿಸಿದ್ದಳು. ಗಂಡಸರನ್ನಂತೂ ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಗಂಡಸರ ಗಾಳಿ ಬಿದ್ದರೆ ತಿರುವಿದ ಮೊಟ್ಟೆಗೆ ಹುಚ್ಚು ಹಿಡಿದು ಹಾಲಿನ ಹಾಗೆ ಒಡೆದುಹೋಗುತ್ತದಂತೆ. ಸಿಲ್ವಾನೊ ಅಡಿಗೆಮನೆಯ ಟೇಬಲ್ಲಿನ ಆ ತುದಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದ. ಅಲ್ಲಿಂದ ನೋಡಿದ್ದೇ ಅವನ ವಿದ್ಯೆ.

ಹಿಂದಿನ ದಿನವೇ ಕೆನೆಯನ್ನು ಬಿಸಿಮಾಡಿ, ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ್ದ. ಮೊದಲನೆಯದು ಕುದಿ ಹೆಚ್ಚಾಗಿ ತರಿತರಿಯಾಯಿತು. ಚೆಲ್ಲಿ ಇನ್ನೊಮ್ಮೆ ಮಾಡಿದ. ಬಿಸ್ಕತ್ತುಗಳನ್ನೂ ಮನೆಯಲ್ಲೇ ಬೇಯಿಸಿದ. ಮೊದಲ ತಟ್ಟೆಯದು ಓವನ್ನಿನಲ್ಲಿ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿತು. ಅದನ್ನೇ ಮುರಿದು ಮುರಿದು, ಸಿಂಕಿನ ಪಕ್ಕದಲ್ಲಿ ನಿಂತು, ಆ ದಿನದ ಊಟ ಎಂದು ತಿಂದ. ಒಬ್ಬನಿಗೆ ತಟ್ಟೆ ಹಾಕಿಕೊಳ್ಳುವುದನ್ನು ಅವನು ಬಿಟ್ಟು ಬಹಳ ದಿನವಾಗಿತ್ತು.

ಈಗ ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ತಿರುವಲು ಕುಳಿತ. ಒಂದೇ ಕಡೆಗೆ ತಿರುವಬೇಕು, ಕೈ ಬದಲಿಸಬಾರದು. ಭುಜ ಸೋತು ಬಂತು, ಹಳದಿ ಬೆಳ್ಳಗಾಗಲೊಲ್ಲದು. "ತಿರುಗೇ, ಮಾರಾಯ್ತಿ, ತಿರುಗೇ" ಎಂದು ಅದಕ್ಕೇ ಬೈದ. ಕೊನೆಗೆ ಚಮಚ ಎತ್ತಿದರೆ ಮಂದವಾಗಿ ಇಳಿಯುವ ಹದ ಬಂದಾಗ, ತೋರಿಸಲು ಯಾರಾದರೂ ಇದ್ದಾರೆಯೇ ಎಂಬಂತೆ ತಲೆ ಎತ್ತಿದ. ಯಾರಿದ್ದಾರೆ, ಮಣ್ಣು.

ಬಟ್ಟೆಯಲ್ಲಿ ಗಟ್ಟಿಯಾಗಿದ್ದ ಕೆನೆಗಿಣ್ಣನ್ನು ಬೆರೆಸಿದ. ಹೆಂಡ ಹಾಕಲಿಲ್ಲ. "ಮೊಟ್ಟೆ ಹಳಸಿರೋರು ಹೆಂಡ ಹಾಕ್ತಾರೆ" ಎಂಬುದು ಇರ್ಮಾಳ ಮಾತು. ಕಾಫಿ ಪೂರ್ತಿ ಆರುವತನಕ ಕಾದು, ಬಿಸ್ಕತ್ತನ್ನು ಒಂದೇ ಮಗ್ಗುಲು ತಾಗಿಸಿ ತೆಗೆದ. ಬೇಯಿಸುವಾಗ ಸಕ್ಕರೆ ಉದುರಿಸಿದ ಮಗ್ಗುಲು ಒಣಗಿದ್ದಂತೆಯೇ ಮೇಲೆ ಬರಬೇಕು. ಕಾಫಿ ತಾನಾಗಿ ಮೇಲೇರಿಕೊಳ್ಳುತ್ತದೆ. ಊರಿನವರೆಲ್ಲ ಮುಳುಗಿಸಿ ತೆಗೆಯುತ್ತಾರೆ. ಇರ್ಮಾ ಒಬ್ಬಳೇ ಹೀಗೆ. ಒಂದು ಸಾಲು ಬಿಸ್ಕತ್ತು, ಒಂದು ಪದರ ಕೆನೆ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ. ಎಂಟು ಜನರಿಗಾಗುವ ಪಾತ್ರೆ ಅದು. ಅದಕ್ಕಿಂತ ಚಿಕ್ಕದರಲ್ಲಿ ಅವಳು ಮಾಡಿದ್ದನ್ನು ಅವನು ಕಂಡಿರಲಿಲ್ಲ, ಹಾಗಾಗಿ ಅಳತೆ ಇಳಿಸುವುದು ಹೇಗೆಂದು ತಿಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಒಂದು ದೊಡ್ಡ ತುಂಡನ್ನು ಡಬ್ಬಿಗೆ ಹಾಕಿ, ಕೋಕೋ ಪುಡಿಯನ್ನು ಕಾಗದದಲ್ಲಿ ಬೇರೆ ಕಟ್ಟಿಕೊಂಡು, ಬಸ್ಸು ಹತ್ತಿದ. ಹಸಿ ಮೊಟ್ಟೆಯ ತಿಂಡಿ ಹೊರಗಿನಿಂದ ತರಬಾರದೆಂದು ಆರೈಕೆ ಮನೆಯಲ್ಲಿ ಕಟ್ಟಪ್ಪಣೆ. ಡಬ್ಬಿ ನೋಡಿದ ವಿಯೋರಿಕಾ ಗೋಡೆಯ ಕಡೆ ತಿರುಗಿಕೊಂಡಳು.

"ನಾನೇನೂ ನೋಡಿಲ್ಲ ಸಾರ್. ಬೇಗ ತಿನ್ಸಿ."

ಇರ್ಮಾ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. "ಬನ್ನಿ, ಕೂತ್ಕೊಳಿ," ಎಂದಳು. ಅವನು ಕೋಕೋ ಉದುರಿಸಿ, ಚಮಚ ಅವಳ ಕೈಗಿತ್ತ. ಅವಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಸಿಲ್ವಾನೊ ಅವಳ ತುಟಿಯನ್ನೇ ನೋಡಿದ. ಎರಡನೆಯ ಚಮಚ. ಮೂರನೆಯದನ್ನು ಬಾಯಿಗಿಡದೆ, ಬಿಸ್ಕತ್ತಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನ ಯಾರು ಮಾಡಿದ್ದು?"

"ನಾನು."

"ನೀವು?" ಅವಳು ನಕ್ಕಳು. ಆಮೇಲೆ ನಗು ಇಳಿಯಿತು. "ಸುಳ್ಳು ಹೇಳ್ಬೇಡಿ. ಒಂದೇ ಮಗ್ಗುಲು ಅದ್ದಿದಾರೆ. ಇದು ನನ್ನ ಕೈಕೆಲಸ. ನಾನು ಯಾರಿಗೂ ಹೇಳಿಕೊಟ್ಟಿಲ್ಲ, ನನ್ನ ತಂಗಿಗೂ ಹೇಳಿಲ್ಲ. ನನ್ನ ಅಡಿಗೆಮನೇಲಿ ಯಾರೋ ಇದಾಳೆ."

"ಯಾರೂ ಇಲ್ಲ ಇರ್ಮಾ..."

"ಇದಾಳೆ! ನನ್ನ ಇಲ್ಲಿ ತಂದು ಹಾಕಿ, ಅಲ್ಲಿ ಅವಳನ್ನ ಕೂರಿಸ್ಕೊಂಡಿದಾನೆ. ನನ್ನ ಪಾತ್ರೆ, ನನ್ನ ಚಮಚ, ಎಲ್ಲಾ ಅವಳ ಕೈಯಲ್ಲಿ..." ಅವಳ ಕಣ್ಣೀರು ಕೋಕೋ ಅಂಟಿದ ತುಟಿಯ ಮೇಲೆ ಇಳಿಯಿತು.

"ನಾನೇ ಕಣೇ, ಇರ್ಮಾ. ನೋಡಿಲ್ಲಿ. ಸಿಲ್ವಾನೊ." ಅವನು ಅವಳ ಕೈ ಹಿಡಿಯಲು ಹೋದ.

"ಮುಟ್ಟಬೇಡಿ! ಸಿಲ್ವಾನೊ ಎಲ್ಲಿ? ಸಿಲ್ವಾನೊ ಯಾಕೆ ಹೀಗೆ ಮಾಡ್ದ?"

ಕೇಳಬೇಕೆಂದು ಕಾದಿದ್ದ ಹೆಸರು ಕೇಳಿಯಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ಅವನ ಗತಿ. ಇನ್ನೂ ಸ್ವಲ್ಪ ಒತ್ತಿ ಹೇಳಿದರೆ, ಮದುವೆಯ ದಿನದ ಮಾತು ತೆಗೆದರೆ, ಬೆರಳಿನ ಉಂಗುರ ತೋರಿಸಿದರೆ ನಂಬುತ್ತಾಳೇನೋ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅವಳು ಅಳುತ್ತಿದ್ದಳು. ಅವಳು ಅಳುವುದನ್ನು ನೋಡಲು ಅವನಿಂದ ಯಾವತ್ತೂ ಆಗಿದ್ದಿಲ್ಲ. ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.

"ತಪ್ಪಾಯ್ತಮ್ಮ. ನಾನು ಮಾಡಿದ್ದು ಅಂತ ಸುಳ್ಳು ಹೇಳ್ದೆ. ನಾನು ನಿಮ್ಮ ಮೇಲ್ಮನೇಲಿರೋನು. ಇದನ್ನ ಮಾಡಿ ಕಳಿಸಿದ್ದು ನಿಮ್ಮೆಜಮಾನ್ರೇ."

ಇರ್ಮಾ ಮೂಗೊರೆಸಿಕೊಂಡು ಅವನನ್ನು ಅನುಮಾನದಿಂದ ನೋಡಿದಳು. "ಅವ್ರಿಗೆ ಗ್ಯಾಸ್ ಹಚ್ಚೋಕೂ ಬರಲ್ಲ."

"ಈಗ ಕಲ್ತಿದಾರೆ."

"ಬಿಸ್ಕತ್ತು ಅದ್ದೋದು ಅವ್ರಿಗೆ ಹೇಗೆ ಗೊತ್ತು?"

"ಟೇಬಲ್ ಹತ್ರ ಕೂತು ನೋಡ್ತಿದ್ರಂತೆ. ನೀವು ಮಾಡಿದಾಗೆಲ್ಲ."

"ನನ್ನ ನೋಡ್ತಿದ್ರಾ?" ಅವಳು ಚಮಚವನ್ನು ಕೆಳಗಿಟ್ಟಳು. "ಪೇಪರ್ ಓದ್ತಿದಾರೆ ಅಂದ್ಕೊಂಡಿದ್ದೆ ನಾನು."

"ಇಲ್ಲಮ್ಮ. ನಿಮ್ಮನ್ನೇ ನೋಡ್ತಿದ್ರು."

ಅವಳ ಮುಖ ನಿಧಾನವಾಗಿ ಕೆಂಪಗಾಯಿತು. ಎಲ್ಲಿಂದಲೋ ಹುಡುಗಿಯೊಬ್ಬಳ ನಾಚಿಕೆ ಬಂದು ಆ ಮುದಿ ಕೆನ್ನೆಯ ಮೇಲೆ ಕೂತಿತು. "ನೋಡಿ ಅವ್ರ ಬುದ್ಧೀನ," ಎಂದಳು. ಆಮೇಲೆ ದನಿ ತಗ್ಗಿಸಿ, "ಮನೇಲಿ ಒಬ್ರೇ ಇದಾರಾ?"

"ಒಬ್ರೇ."

"ಅಯ್ಯೋ ಪಾಪ. ಊಟ ಗೀಟ?"

ಸಿಲ್ವಾನೊ ಕಿಟಕಿಯ ಹೊರಗೆ ನೋಡಿದ. ಎಲೆ ಉದುರಿದ ಮರದಲ್ಲಿ ಕಿತ್ತಳೆ ಬಣ್ಣದ ಕಾಕಿ ಹಣ್ಣುಗಳಷ್ಟೇ ಉಳಿದಿದ್ದವು. "ಮಾಡ್ತಾರೆ," ಎಂದ.

"ಇವತ್ತು ಬರ್ತಾರಂತಾ?"

"ಬರ್ತೀನಿ ಅಂದಿದಾರೆ. ಇನ್ನೇನು ಬಂದ್ರು."

ಇರ್ಮಾ ಗಾಬರಿಯಿಂದ ತಲೆಗೂದಲಿಗೆ ಕೈ ಹಾಕಿದಳು. "ಈ ಅವತಾರದಲ್ಲಾ? ಆ ದಾದಿ ಹುಡುಗಿ ಬೆಳಿಗ್ಗೆಯಿಂದ ನನ್ನ ತಲೆ ಬಾಚಿಲ್ಲ ನೋಡಿ. ಅಲ್ಲಿ ಬಾಚಣಿಗೆ ಇದೆ, ನಾಚ್ಕೋಬೇಡಿ, ಸ್ವಲ್ಪ ಬಾಚಿಬಿಡಿ. ನನ್ನ ಕೈ ಮೇಲೇರಲ್ಲ."

ಅವನು ಕುರ್ಚಿಯ ಹಿಂದೆ ಹೋಗಿ ನಿಂತು ಬಾಚಣಿಗೆ ಹಿಡಿದ. ಅವಳ ಕೂದಲು ಅವನು ತಿಳಿದಿದ್ದಕ್ಕಿಂತ ತೆಳ್ಳಗಾಗಿತ್ತು. ಹೇಗೆಂದು ತಿಳಿಯದೆ ನಡುವೆ ಬೈತಲೆ ತೆಗೆದ.

"ಅಲ್ಲಲ್ಲ, ಎಡಗಡೆಗೆ ತೆಗೀರಿ," ಎಂದಳು ಇರ್ಮಾ. "ಅವ್ರಿಗೆ ಎಡಗಡೆ ಬೈತಲೆ ಅಂದ್ರೆ ಇಷ್ಟ."

ಹಾಗೆ ತಾನು ಎಂದಾದರೂ ಹೇಳಿದ್ದು ಸಿಲ್ವಾನೊಗೆ ನೆನಪಿರಲಿಲ್ಲ. ಅವನು ಬೈತಲೆಯನ್ನು ಎಡಕ್ಕೆ ತೆಗೆದ. ಇರ್ಮಾ ಕತ್ತು ಅಲುಗಿಸದೆ, ಬಾಗಿಲನ್ನೇ ನೋಡುತ್ತ ಕುಳಿತಿದ್ದಳು.